ಬಾಲ ಬಿಟ್ಟ ಕುಳ್ಳು

ಸತ್ಯವ್ವನ ಬಾಯಿಗೆ ಹೂಲಿ ಊರಿನ ನಾಯಿಗಳೂ ಹೆದರುತ್ತಿದ್ದವು. ಸುಳ್ಳಲ್ಲ, ಅವರ ಪಕ್ಕದ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಸಾಲಿ ಮಾಸ್ತರ ನಾನು. ತಮ್ಮ ದುಂಡಪ್ಪನ ಮನೆಯಲ್ಲಿ ಆಕೆಯ ಚಾಕರಿ ಬೆಳ್ಳಿ ಮೂಡುವ ಮೊದಲೇ ಶುರು. ಸಗಣಿ ಬಾಚುವುದು, ಹಿತ್ತಲ ಗೋಡೆಗೆ ಕುಳ್ಳು, ಅಂದರೆ ಬೆರಣಿ, ಬಡಿಯುವುದು, ಆಮೇಲೆ ರೊಟ್ಟಿ. ಕುಳ್ಳು ದಿನಕ್ಕೊಂದು ಸಾಲು, ಒಂದು ದಿನವೂ ತಪ್ಪಿದ್ದಿಲ್ಲ. ಹದಿನಾಲ್ಕಕ್ಕೆ ಮದುವೆಯಾಗಿ, ಮೂರೇ ತಿಂಗಳಲ್ಲಿ ಗಂಡ ಕಾಲರಾ ಬಂದು ಸತ್ತ. ಕೆಟ್ಟ ಕಾಲ್ಗುಣದವಳು ಎಂದು ಅತ್ತೆಯ ಮನೆಯವರು ತಂದು ಬಿಟ್ಟು ಹೋದರು. ಆವತ್ತಿನಿಂದ ಆಕೆಗೆ ಅದೇ ಗೋಡೆ.

ಕಾಲ್ಗುಣ! ಈ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೆಣ್ಣು ಹೊಸ್ತಿಲು ದಾಟಿದ ಮೇಲೆ ಆ ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ ಅದು ಅವಳ ಪಾದದ ತಪ್ಪು. ಗಂಡಸರಿಗೆ ಕಾಲೇ ಇಲ್ಲವೇನೋ!

೧೯೭೬ರ ಮಾರ್ಚಿನಲ್ಲಿ ದುಂಡಪ್ಪನ ಮಗ ರಾಯಪ್ಪನಿಗೆ ಸಾಲಹಳ್ಳಿಯ ಪದ್ಮವ್ವನನ್ನು ತಂದರು. ಸೊಸೆಯನ್ನು ಮನೆ ತುಂಬಿಸಿಕೊಂಡ ಸಂಜೆ ಸತ್ಯವ್ವನನ್ನು ಹಿತ್ತಲಲ್ಲಿ ಕೂರಿಸಿದ್ದರು. ವಿಧವೆ ಎದುರು ಬರಬಾರದಂತೆ. ಮರುದಿನ ನಸುಕಿನಲ್ಲಿ ಹೊರಗೆ ಬಂದ ದುಂಡಪ್ಪ ಮೂಡಲ ದಿಕ್ಕು ನೋಡಿ ನಿಂತಲ್ಲೇ ನಿಂತ. ಬೆಳ್ಳಿಯ ಎಡಕ್ಕೆ, ಬೆಳ್ಳನೆಯ ಬಾಲ ಮೇಲಕ್ಕೆ ಹರಡಿಕೊಂಡ ದೊಡ್ಡ ಚುಕ್ಕಿ. ಅಂದೇ ಮಧ್ಯಾಹ್ನ ಗಬ್ಬದ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ಮುಗಿಯಿತಲ್ಲ! ಅದರ ಮರುದಿನ ಬೆಳಗಾಗುವಷ್ಟರಲ್ಲಿ ಚಕ್ಕಡಿ ಹೂಡಿ, ಪದ್ಮವ್ವನನ್ನು ತವರಿಗೆ ಅಟ್ಟಲು ಅವಳ ಟ್ರಂಕು ಏರಿಸಿದ್ದ. ಹುಡುಗಿ ಕಂಬ ಹಿಡಿದು ಅಳುತ್ತಿದ್ದಳು. ಕಟ್ಟಿಕೊಂಡ ಗಂಡ ರಾಯಪ್ಪ? ಎತ್ತಿನ ಬೆನ್ನು ಸವರುತ್ತ ನಿಂತಿದ್ದ, ಹೇಡಿ.

ನಾನು ಪತ್ರಿಕೆ ಹಿಡಿದು ಓಡಿದೆ. "ದುಂಡಪ್ಪನವರ, ಇದು ಸೂರ್ಯನ್ನ ಸುತ್ತಿ ಹೋಗೂ ಧೂಮಕೇತು ರೀ. ಜಗತ್ತೆಲ್ಲಾ ದುರ್ಬೀನ ಹಚ್ಚಿ ನೋಡಾಕ ಹತ್ತೈತಿ. ಅದಕ್ಕೂ ನಿಮ್ಮ ಸೊಸಿಗೂ ಏನ್ ಸಂಬಂಧ?"

"ಮಾಸ್ತರ, ನಿಮ್ಮ ಪೇಪರ ನಿಮ್ಮ ಸಾಲ್ಯಾಗ ಓದ್ರಿ. ಇಕಿ ಹೊಸ್ತಿಲಾ ದಾಟೂತನಾ ಮುಗಲು ಸ್ವಚ್ಛ ಇತ್ತು!"

ಸಗಣಿಗೈಯಲ್ಲೇ ಬಂದಳು ಸತ್ಯವ್ವ. "ಸ್ವಚ್ಛ ಇತ್ತಂತ ನಿನಗ್ಯಾರ್ ಹೇಳಿದ್ರೋ? ಹೊತ್ತೇರೂತನಾ ಗೊರಕಿ ಹೊಡ್ಯಾಂವ ನೀ, ಎದ್ದು ನೋಡಿದ್ದೇನು?" ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ನಾವೆಲ್ಲ ಹಿಂದೆ.

"ಎಣಸು. ಈ ಸಾಲು ಇವತ್ತಿಂದು, ಇನ್ನೂ ಹಸಿ ಐತಿ. ಇದು ನಿನ್ನಿದು. ಇದು ಮೊನ್ನಿದು, ನಿನ್ನ ಸೊಸಿ ಬಂದ ದಿನದ್ದು. ಇನ್ನ ಹಿಂದಕ್ಕ ನಡಿ. ಒಂದು, ಎರಡು, ಮೂರು, ನಾಕು."

ಆ ಸಾಲಿನ ನಡುವೆ ಒಂದು ಕುಳ್ಳು ಬೇರೆಯಾಗಿತ್ತು. ದುಂಡಗೆ ತಟ್ಟಿ, ನಾಲ್ಕು ಬೆರಳಿನಿಂದ ಮೇಲಕ್ಕೆ ಎಳೆದ ಬಾಲ. ಒಣಗಿ ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

"ಆವತ್ತ ನೋಡಿದೆ. ಚಂದ ಕಾಣಸ್ತು, ಕೈಯಾಗ ಸಗಣಿ ಇತ್ತು, ಬಡದೆ. ಈ ಕೂಸು ಆವಾಗ ಸಾಲಹಳ್ಳ್ಯಾಗಿತ್ತು."

"ಮತ್ತ ಆವಾಗ ಯಾಕ ಹೇಳಲಿಲ್ಲ?" ದುಂಡಪ್ಪ ಕೇಳಿದ.

"ಮುಂಡಿ ಮಾತು ಮದುವಿ ಮನ್ಯಾಗ ಯಾರ್ ಕೇಳತಿದ್ರಿ?"

ದುಂಡಪ್ಪನ ಮುಖ ಕಪ್ಪಿಟ್ಟಿತು. ನಾಲಿಗೆ ಮಾತ್ರ ಸೋಲಲಿಲ್ಲ. "ಹಂಗಾದ್ರ ಮೊದಲ ನೋಡ್ದಾಕಿ ನೀನಾ. ಅನಿಷ್ಟ ನಿನ್ನಿಂದಾನ ಬಂತು."

ಕೂಗಾಡುತ್ತಾಳೆ ಎಂದುಕೊಂಡೆ. ಇಲ್ಲ. ಆಕೆ ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇರ್ಲಿ, ನನ್ನಿಂದಾನ ಬಂತು. ಆದ್ರ ನನ್ನ ಮದುವ್ಯಾಗ ಮುಗಲಾಗ ಏನೂ ಇರಲಿಲ್ಲಲ್ಲೋ ತಮ್ಮಾ. ಒಂದ ಚುಕ್ಕಿನೂ ಬಾಲಾ ಬಿಟ್ಟಿರಲಿಲ್ಲ. ಆದ್ರೂ ನನ್ನ ಚಕ್ಕಡ್ಯಾಗ ತಂದು ಒಗದು ಹ್ವಾದ್ರು. ಅಪ್ಪ ಸುಮ್ನ ನಿಂತಿದ್ದ. ನೀನೂ ನಿಂತಿದ್ದಿ."

ಪದ್ಮವ್ವ ಕಣ್ಣೊರೆಸಿಕೊಂಡು ಹೋಗಿ ತಾನೇ ಟ್ರಂಕು ಇಳಿಸಿಕೊಂಡಳು. ರಾಯಪ್ಪ ಕೊನೆಗೂ ನೊಗದಿಂದ ಎತ್ತಿನ ಕೊರಳು ಬಿಚ್ಚಿದ.

ಎರಡು ದಿನ ಬಿಟ್ಟು ಸತ್ಯವ್ವ ಆ ಕುಳ್ಳನ್ನು ಕಿತ್ತು ಒಲೆಗೆ ಹಾಕಿ ರೊಟ್ಟಿ ಬೇಯಿಸಿದಳು. ನನ್ನನ್ನೂ ಊಟಕ್ಕೆ ಕರೆದಿದ್ದಳು. ದುಂಡಪ್ಪ ಮೂರು ತಿಂದು ನಾಲ್ಕನೆಯದಕ್ಕೆ ಕೈ ಚಾಚಿದಾಗ ಅವನ ತಾಟಿಗೆ ರೊಟ್ಟಿ ಒಗೆದಳು.

"ನಿನ್ನ ಬಾಲಚುಕ್ಕಿ ಮ್ಯಾಲ ಬೆಂದದ್ದು. ತಿನ್ನು. ಸತ್ರ ನನ್ನ ಕಾಲ್ಗುಣ ಅನ್ನು."