ಹೊಳೆಯಾಚೆಯ ಸಮಾಧಿ

ಹಿಂದೊಮ್ಮೆ ಗಡಿಯ ತಕರಾರಿಗೆ ಎರಡು ಸೈನ್ಯಗಳು ಈ ಹೊಳೆಯ ಎರಡು ದಡಗಳಲ್ಲಿ ಎದುರುಬದುರು ಬೀಡುಬಿಟ್ಟಿದ್ದವು. ಈಚೆ ದಡದ ಶಿಬಿರವನ್ನು ಬಂದವರಿಗೆ ತೋರಿಸುವ ಗೈಡಿಗೆ ಆಚೆ ದಡದ ಒಂದು ಸಮಾಧಿಯ ಮೇಲೆ ಹೊಟ್ಟೆಕಿಚ್ಚು. ಗುಂಡೇ ಹಾರದೆ ಮುಗಿದ ಆ ಜಗಳದಲ್ಲಿ ಸತ್ತವನು ಒಬ್ಬನೇ ಸಿಪಾಯಿ, ಅದೂ ಜ್ವರ ಬಂದು, ಅವನೂ ಆಚೆಯವನೇ. ಈಚೆಯವರೆಲ್ಲ ಗುಂಡುಕಲ್ಲಿನ ಹಾಗೆ ಮನೆಗೆ ಮರಳಿದರು. ಅದನ್ನು ಹೇಳುವಾಗ ಗೈಡಿನ ದನಿ ಮನೆಯ ಮಾನ ಹೋದವನಂತೆ ತಗ್ಗುತ್ತದೆ. ಸಿಪಾಯಿಗಳು ಮಲಗುತ್ತಿದ್ದ ಕೊಠಡಿ, ಕುದುರೆಲಾಯ, ತನ್ನ ತಾತ ಅಡುಗೆ ಮಾಡುತ್ತಿದ್ದ ಮಸಿ ಹಿಡಿದ ಒಲೆ, ಎಲ್ಲವನ್ನೂ ತೋರಿಸುತ್ತಾನೆ, ಬಂದವರು ಆಕಳಿಸಿ, "ಆ ಸಮಾಧಿ ಯಾವ ಕಡೆ, ಅಣ್ಣಾ?" ಎಂದು ಅವನನ್ನೇ ಕೇಳಿ ಸೇತುವೆ ದಾಟುತ್ತಾರೆ. ಅವರು ಕಣ್ಣೊರೆಸಿಕೊಳ್ಳುತ್ತ ಹಿಂದಿರುಗುವುದನ್ನು ಕಂಡರೆ ಇವನ ಮೈಯೆಲ್ಲ ಉರಿ. "ಜ್ವರಕ್ಕೆ ಸತ್ತವನಿಗೆ ಅಷ್ಟೊಂದು ಹೂವು! ನಮ್ಮೋರಿಗೊಂದು ಕೆಮ್ಮಾದ್ರೂ ಬರಬಾರದಿತ್ತಾ?" ಎಂದು ಊಟಕ್ಕೆ ಕೂತಾಗ ಗೊಣಗುತ್ತಾನೆ. "ನಿಮ್ಮ ತಾತನಿಗೇ ಆ ಕೆಮ್ಮು ಬಂದಿದ್ರೆ ಹೊಟ್ಟೆಕಿಚ್ಚು ಪಡೋಕೆ ನೀವೆಲ್ಲಿರ್ತಿದ್ರಿ? ಸುಮ್ನೆ ಉಣ್ಣಿ" ಎಂದು ಹೆಂಡತಿ ತಟ್ಟೆಗೆ ಬಡಿಸುತ್ತಾಳೆ. ಆದರೂ ಮಳೆ ಹಿಡಿದು ಯಾರೂ ಬಾರದ ದಿನಗಳಲ್ಲಿ ಅವನೇ ಕಳ್ಳನಂತೆ ಅತ್ತಿತ್ತ ನೋಡಿ, ಆಚೆ ದಡಕ್ಕೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು ಆ ಕಲ್ಲಿಗೆ ಹತ್ತಿದ ಪಾಚಿ ಕೆರೆಯುತ್ತಾನೆ. ಹೆಸರು ಓದಲು ಬರುವಷ್ಟು ಕಲ್ಲು ಹಸನಾದ ಮೇಲೆ ಮೆಲ್ಲಗೆ ಕೇಳುತ್ತಾನೆ: "ಲೋಕವೆಲ್ಲ ನಿನ್ನ ನೋಡೋಕೆ ಬರುತ್ತಲ್ಲೋ ತಮ್ಮಾ, ನಿನ್ನ ಮನೆಯೋರು ಮಾತ್ರ ಯಾಕೋ ಇನ್ನೂ ಬಂದಿಲ್ಲ?"