ಜಾಗೀರದಾರರ ಕಾರಿನ ಎಂಟು ಬೋಲ್ಟುಗಳು

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ, 1943ರ ಸುಮಾರು. ನಿಜಾಮರ ರಾಜ್ಯದ ತಾಂಡೂರಿನಲ್ಲಿ ಒಂದು ಕಲ್ಲುಗಣಿಯ ಇಂಜಿನ್ ಮಿಸ್ತ್ರಿಯಾಗಿದ್ದೆ. ಗಣಿಯ ಕಂಪ್ರೆಸರು, ಲಾರಿಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ನಾರಾಯಣಖೇಡದ ಕಡೆಯ ಜಾಗೀರದಾರರೊಬ್ಬರು ತಮ್ಮ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಿ ಕಟ್ಟಲು ನನ್ನನ್ನು ಕರೆಸಿಕೊಂಡರು. ಆಗ ನನ್ನ ಹೆಂಡತಿ ಶರಣಮ್ಮನಿಗೆ ದಿನ ತುಂಬಿದ್ದವು. ಹಿಂದಿನ ಕೂಸು ಹುಟ್ಟಿದ ದಿನವೇ ಹೋಗಿತ್ತು, ಹಾಗಾಗಿ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ. ಹೆರಿಗೆ ಹೊತ್ತಿಗೆ ಮನೆಯಲ್ಲಿರುತ್ತೇನೆಂದು ಮಾತು ಕೊಟ್ಟು ಹೊರಟೆ.

ಎರಡೇ ಸೀಟಿನ ಸುಂದರ ಕಾರು. ಮುಟ್ಟಲು ಕೈ ಹಾತೊರೆಯಿತು, ಸುಳ್ಳೇಕೆ ಹೇಳಲಿ. ಆದರೆ ಇಂಜಿನ್ ಬಿಚ್ಚಿದ ಮೇಲೆ ನನ್ನ ಉತ್ಸಾಹ ಇಳಿಯಿತು. ಮೇಲೆ ಕೆಳಗೆ ಆಡುವ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ತೋಳಿಗೆ ಕನೆಕ್ಟಿಂಗ್ ರಾಡ್ ಎನ್ನುತ್ತಾರೆ. ನಾಲ್ಕು ರಾಡುಗಳನ್ನು ಎಂಟು ಬೋಲ್ಟುಗಳು ಹಿಡಿದಿರುತ್ತವೆ. ನಟ್ಟನ್ನು ಬರೀ ಬೆರಳಿನಿಂದ ತಿರುಗಿಸಿ ನೋಡಿದೆ. ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತು. ಅಂದರೆ ಬೋಲ್ಟು ಜಗ್ಗಿ ಉದ್ದವಾಗಿದೆ, ಮತ್ತೆ ಹಾಕುವಂತಿಲ್ಲ. ಯುದ್ಧದಿಂದಾಗಿ ವಿಲಾಯತಿಯಿಂದ ಸಾಮಾನು ಬರುವುದು ನಿಂತಿತ್ತು. ನಮ್ಮ ಗಣಿಯ ಉಗ್ರಾಣದಲ್ಲಿ ಕಂಪ್ರೆಸರಿಗೆಂದು ಮೊದಲೇ ತರಿಸಿದ್ದ ಗಟ್ಟಿ ಉಕ್ಕಿನ ಬೋಲ್ಟುಗಳಿದ್ದವು. ಅದೇ ದಪ್ಪ, ಸುತ್ತುಗೆರೆಯ ಥ್ರೆಡ್ಡೂ ಅದೇ, ಉದ್ದ ಮಾತ್ರ ತುಸು ಹೆಚ್ಚು.

ತಾಂಡೂರಿಗೆ ಹೋಗಿ ತರುತ್ತೇನೆಂದೆ. ಹೆಂಡತಿಯ ವಿಷಯವನ್ನೂ ಹೇಳಿದೆ.

ಜಾಗೀರದಾರರು ನಕ್ಕರು. “ಅಲ್ಲಿ ಹೆಣ್ಮಕ್ಕಳು ಇದ್ದಾರಲ್ರಿ ಮಿಸ್ತ್ರಿಸಾಬ್. ನೀವು ಹೋಗಿ ಏನ್ ಮಾಡವ್ರು? ಬೋಲ್ಟು ನಮ್ಮ ಡ್ರೈವರ್ ತರ್ತಾನ. ಗಾಡಿ ನಡೀಲಿ, ಆಮ್ಯಾಲೆ ಹೋಗ್ರಿ.”

ದೇವಡಿ ಎಂದು ಕರೆಯುವ ಅವರ ದೊಡ್ಡ ಮನೆಯಲ್ಲಿ ಒಂದು ರಿವಾಜಿತ್ತು. ಬಂದವರಿಗೆ ಮನೆಯವರು ಪಾನ್ ಕೊಟ್ಟರೆ ಹೊರಡಲು ಅಪ್ಪಣೆ ಎಂದರ್ಥ. ಕೊಡದಿದ್ದರೆ ಅತಿಥಿ ಕೂತಿರಬೇಕು. ನನಗೆ ಹಾಸಿಗೆ ಕೊಟ್ಟರು, ನನ್ನ ಆಚಾರಕ್ಕೆಂದು ಬೇರೆ ಅಡುಗೆಯವನನ್ನಿಟ್ಟರು, ಪಾನ್ ಮಾತ್ರ ಕೊಡಲಿಲ್ಲ. ಹೊರಬಾಗಿಲಿಗೆ ಹೋದರೆ ಪಹರೆಯವನು ಕೈಮುಗಿದು “ಇನ್ನಾ ಪಾನ್ ಆಗಿಲ್ಲಲ್ರಿ” ಎನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಮರ್ಯಾದೆಯ ಸೆರೆಯಲ್ಲಿ ಯಾರ ಮೇಲೆ ಸಿಟ್ಟು ತೀರಿಸುವುದು? ಶರಣಮ್ಮನ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು.

ಅವರ ಡ್ರೈವರ್ ಜಹೀರಾಬಾದಿನ ಬಜಾರಿನಿಂದ ಬೋಲ್ಟು ತಂದ. ಫಳಫಳ ಹೊಳೆಯುತ್ತಿದ್ದವು. ಥ್ರೆಡ್ಡೂ ಸರಿಯಾಗಿ ಕೂಡಿತು.

“ಕೂಡ್ತಲ್ಲ, ಮತ್ತೇನು?” ಎಂದರು ಜಾಗೀರದಾರರು. “ಅಮ್ಮೀಜಾನ್ ಅವ್ರನ್ನ ಹೈದರಾಬಾದಿಗೆ ಮದಿವಿಗೆ ಕರಕೊಂಡು ಹೋಗಬೇಕು. ಇವತ್ತೇ ಕಟ್ಟರಿ, ನಾಳಿ ನೀವು ಮನಿಗಿ.”

ನಾಳೆ ಮನೆಗೆ! ಅವನ್ನೇ ಬಿಗಿದು ಇಂಜಿನ್ ಮುಚ್ಚಿದರೆ ಯಾರಿಗೂ ಕಾಣದು. ನಾನು ಊರು ಮುಟ್ಟುವವರೆಗಂತೂ ಕಾರು ಓಡುತ್ತಿತ್ತು. ಮನಸ್ಸು ಆ ಕಡೆ ಜಗ್ಗಿದ್ದು ನಿಜ. ಒಂದು ಬೋಲ್ಟನ್ನು ವೈಸಿನ ದವಡೆಗೆ ಕಚ್ಚಿಸಿ ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಬಿಗಿಯಾಗುವ ಬದಲು ಅದು ನಾದಿದ ಹಿಟ್ಟಿನಂತೆ ಎಳೆದುಕೊಳ್ಳುತ್ತ ನಡುವೆ ಸಣ್ಣಗಾಯಿತು. ಮೆತ್ತನೆಯ ಕಬ್ಬಿಣ.

ಅಂಗಳದ ಆಚೆ ಹೆಂಗಸರಿರುವ ಜನಾನಾದ ಪರದೆಯಿತ್ತು. ನನ್ನ ದನಿ ತಾನಾಗಿ ಏರಿತು. “ಸರಕಾರ್, ಗಾಡಿ ಜೋರು ಓಡುವಾಗ ಇದು ಹರೀತದ. ರಾಡು ಇಂಜಿನ್ ಒಡಕೊಂಡು ಹೊರಗ ಬರ್ತದ. ಕೂತವ್ರ ಗತಿ ಏನ್ರಿ?”

ಪರದೆಯ ಹಿಂದಿನಿಂದ ಮುದಿ ದನಿ ಬಂತು. ಅದು ಜಾಗೀರದಾರರ ತಾಯಿ ಅಮ್ಮೀಜಾನರದು. “ಮಿಸ್ತ್ರಿ, ನಿಮ್ಮ ತಾಯೀನ್ನ ಕೂಡಸ್ತಿದ್ರೇನು ಈ ಗಾಡ್ಯಾಗ?”

“ಇಲ್ರೀ, ಅಮ್ಮಾ.”

ಆಮೇಲೆ ಒಳಗಿನಿಂದ ದಾಸಿ ಬಂದು ನನ್ನ ಮುಂದೆ ತಟ್ಟೆ ಹಿಡಿದಳು. ಅದರಲ್ಲಿ ಪಾನ್ ಇತ್ತು. ತಾಯಿ ಕೊಟ್ಟ ಅಪ್ಪಣೆಯ ಮೇಲೆ ಮಗ ತುಟಿ ಬಿಚ್ಚುವಂತಿರಲಿಲ್ಲ. ಜಹೀರಾಬಾದಿಗೆ ಬಂಡಿಯಲ್ಲಿ ಬಂದು ರೈಲು ಹಿಡಿದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರು ಮುಟ್ಟಿದಾಗ ಶರಣಮ್ಮ ಇನ್ನೂ ಹಡೆದಿರಲಿಲ್ಲ. ನನ್ನನ್ನು ಕಂಡದ್ದೇ ಅವಳ ಕಣ್ಣು ತುಂಬಿದವು, ನನ್ನವೂ. ಮರುದಿನ ಹೆಣ್ಣುಕೂಸು ಹುಟ್ಟಿತು, ಮನೆಯೆಲ್ಲ ಕೇಳುವಂತೆ ಅತ್ತಿತು.

ಜಾಗೀರದಾರರು ಮತ್ತೆ ಹೇಳಿಕಳಿಸಲಿಲ್ಲ. ಆದರೆ ನನಗೆ ನಿದ್ದೆ ಹತ್ತಲಿಲ್ಲ. ಬಿಚ್ಚಿದ ಇಂಜಿನ್ ಅಲ್ಲೇ ಇತ್ತು, ಆ ಹೊಳೆಯುವ ಬೋಲ್ಟುಗಳೂ ಅಲ್ಲೇ ಇದ್ದವು. ಮದುವೆಯ ಅವಸರ ಬೇರೆ. ಯಾರಾದರೂ ಬಂದು ಅವನ್ನೇ ಬಿಗಿದು ಮುಚ್ಚಿಬಿಟ್ಟರೆ? ಗಣಿಯ ಮಾಲೀಕರನ್ನು ಕೇಳಿ ಉಗ್ರಾಣದ ಬೋಲ್ಟುಗಳನ್ನು ಪಡೆದೆ, ಅಳತೆಗೆ ಕತ್ತರಿಸಿದೆ. ಥ್ರೆಡ್ಡು ಕೂಡಿದ ಮಾತ್ರಕ್ಕೆ ಅದು ಬದಲಿ ಬೋಲ್ಟಲ್ಲ, ಹೊರೆ ತಡೆದರೆ ಮಾತ್ರ ಬದಲಿ ಎಂಬುದನ್ನು ಆಮೇಲೆ ಎಷ್ಟೋ ಹುಡುಗರಿಗೆ ಕಲಿಸಿದ್ದೇನೆ. ಕೈಗೆತ್ತಿಕೊಂಡ ಇಂಜಿನ್ ಮನುಷ್ಯನನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಕಲಿಸಲು ಬರಲಿಲ್ಲ.

ನಾರಾಯಣಖೇಡದ ಕಡೆ ಹೊರಡಲು ಬೋಲ್ಟಿನ ಚೀಲ ಹೆಗಲಿಗೇರಿಸಿದಾಗ ಶರಣಮ್ಮ ಕೂಸಿಗೆ ಹಾಲೂಡಿಸುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

“ಆಗ ಅವ್ರು ಬಿಡಲಿಲ್ಲ, ಖರೇ. ಈಗ ಯಾರ್ ಹಿಡದಾರ್ರಿ ನಿಮಗ?”