ಶೆಟ್ಟಿ ಅಂಗಡಿ ಪಕ್ಕದ ರಾಜರು

ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳಿ ಎದ್ದುಹೋಗುತ್ತಿದ್ದವಳು ನಾನು. ಈಗಲೂ ಅಷ್ಟೇನೂ ಬದಲಾಗಿಲ್ಲ. ಆದರೆ ಈ ಒಂದು ಸಂಗತಿ ನಮ್ಮ ಮನೆಯಲ್ಲೇ ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದ ಮೇಲಿನ ಮೊದಲ ನವರಾತ್ರಿ. ತವರಿನವರು ಕೊಟ್ಟ ಪಟ್ಟದ ಗೊಂಬೆಗಳ ಜೊತೆ ಎರಡು ಕಂಚಿನ ಉಬ್ಬುಚಿತ್ರಗಳನ್ನೂ ತಂದಿದ್ದೆ. ಮಿಷನ್ ಶಾಲೆಯಲ್ಲಿ ನನಗೆ ಪಾಠ ಹೇಳಿದ ಟೀಚರಮ್ಮ ಮದುವೆಗೆ ಕೊಟ್ಟ ಉಡುಗೊರೆ. ಅಂಗೈಯಗಲದವು, ಆದರೆ ಒಳ್ಳೇ ಭಾರ. ಒಂದರಲ್ಲಿ ಕೊಟ್ಟಿಗೆ, ಹುಲ್ಲಿನ ಮೇಲೆ ಮಗು ಯೇಸು, ಪಕ್ಕದಲ್ಲಿ ತಾಯಿ, ಇಣುಕಿ ನೋಡುವ ಹಸು. ಇನ್ನೊಂದರಲ್ಲಿ ಕಾಣಿಕೆ ಹಿಡಿದು, ಒಂಟೆಯೇರಿ, ಆ ಮಗುವನ್ನು ನೋಡಲು ಹೊರಟ ಮೂವರು ರಾಜರು. ಎಂಥ ನಾಜೂಕು ಕೆಲಸವೆಂದರೆ ಒಂಟೆಯ ರೆಪ್ಪೆಗೂದಲೂ ಕಾಣುತ್ತಿತ್ತು.

ಗೊಂಬೆ ಕೂರಿಸಲು ಒಂದು ರೂಮಿನಲ್ಲಿ ಮೆಟ್ಟಿಲು ಕಟ್ಟಿದ್ದರು. ಅತ್ತೆಗೆ ಕೊಟ್ಟಿಗೆ ಬಹಳ ಹಿಡಿಸಿತು. "ನಮ್ಮ ಗೋಕುಲ ಇದ್ದಹಾಗೇ ಇದೆ ಕಣೇ" ಎಂದು ಪಟ್ಟದ ಗೊಂಬೆಗಳ ಪಕ್ಕದಲ್ಲೇ, ಎಲ್ಲಕ್ಕಿಂತ ಮೇಲೆ ಇಟ್ಟರು. ಒಂಟೆಯವರು ಮಾತ್ರ ಕೊನೆಯ ಮೆಟ್ಟಿಲಿಗೆ, ಶೆಟ್ಟಿ ಅಂಗಡಿಯ ಗೊಂಬೆಯ ಪಕ್ಕಕ್ಕೆ ಹೋದರು.

"ಅತ್ತೆ, ಅವರು ವ್ಯಾಪಾರದೋರಲ್ಲ, ದೂರದಿಂದ ಆ ಮಗು ನೋಡಕ್ಕೆ ಬಂದ ರಾಜರು" ಎಂದೆ.

"ರಾಜರಾಗಿದ್ರೆ ಆನೆ ಮೇಲೆ ಬರ್ತಿದ್ರು. ಸುಮ್ನಿರು."

ಮೈಸೂರಿನ ಜಂಬೂಸವಾರಿ ನೋಡಿ ಬಂದವರ ಹತ್ತಿರ ನಾನೇನು ವಾದ ಮಾಡಲಿ!

ಆರತಿಯಾದ ಮೇಲೆ ಗೊಂಬೆಗಳನ್ನು ಯಾರೂ ಮುಟ್ಟಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಮರುದಿನ ಬೆಳಿಗ್ಗೆ ನೋಡಿದರೆ ಒಂಟೆಯವರು ಒಂದು ಮೆಟ್ಟಿಲು ಮೇಲೆ, ಹೂ ಮಾರುವವಳ ಪಕ್ಕದಲ್ಲಿದ್ದಾರೆ. ಅತ್ತೆ ನನ್ನ ಮುಖ ನೋಡಿ, ಅವರನ್ನು ಕೆಳಗಿಳಿಸಿದರು. ಮಾರನೆಯ ಬೆಳಿಗ್ಗೆ ಮತ್ತೆ ಮೇಲೆ, ಈ ಸಲ ಇನ್ನೂ ಒಂದು ಮೆಟ್ಟಿಲು ಹೆಚ್ಚು.

"ಹಠ ಜಾಸ್ತಿಯಾಯ್ತು ನಿಂದು" ಎಂದರು ಅತ್ತೆ.

"ನಾನು ಮುಟ್ಟಿಲ್ಲ ಅತ್ತೆ, ದೇವರಾಣೆ."

"ಮನೇಲಿರೋದು ಮೂರೇ ಜನ. ನಾನು ಮುಟ್ಟಿಲ್ಲ, ನಿನ್ನ ಗಂಡ ಗೊಂಬೆ ಕಡೆ ತಿರುಗೂ ನೋಡಲ್ಲ. ಮುಟ್ಟಿದ್ರೆ ಮುಟ್ಟಿದೆ ಅನ್ನು, ಸುಳ್ಳು ಹೇಳ್ಬೇಡ."

ಅಳು ಉಕ್ಕಿ ಬಂತು. ಗೊಂಬೆ ಎಲ್ಲಾದರೂ ಇರಲಿ, ಕಾಲಿಟ್ಟು ವರ್ಷ ತುಂಬದ ಮನೆಯಲ್ಲಿ ಸುಳ್ಳುಗಾತಿ ಅನ್ನಿಸಿಕೊಂಡರೆ ಮುಂದೆ ಬಾಳುವುದು ಹೇಗೆ? ನಮ್ಮ ಯಜಮಾನರು "ಇಲಿ ಇರ್ಬೇಕು ಬಿಡಮ್ಮ" ಎಂದು ರಾಜಿ ಮಾಡಿಸಲು ಬಂದರು. ಅಷ್ಟು ಕಂಚು ಹೊತ್ತು ಮೆಟ್ಟಿಲು ಹತ್ತುವ ಇಲಿ ಇಡೀ ಬೆಂಗಳೂರಿನಲ್ಲೇ ಇರಲಾರದು. ನನಗೆ ಅವರ ಮೇಲೂ ಸಿಟ್ಟು ಬಂತು.

ಕೊನೆಗೆ ನಾನೇ ಹೇಳಿದೆ, "ರೂಮಿಗೆ ಬೀಗ ಹಾಕಿ ಅತ್ತೆ. ಬೀಗದ ಕೈ ನೀವೇ ಇಟ್ಕೊಳ್ಳಿ."

ಅತ್ತೆ ರಾಜರನ್ನು ಮತ್ತೆ ಶೆಟ್ಟಿಯ ಪಕ್ಕದಲ್ಲಿಟ್ಟು, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸಾಲದ್ದಕ್ಕೆ ನನ್ನನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಂಡರು. ರೂಮಿನ ಕಿಟಕಿಗೆ ಸರಳುಗಳಿದ್ದವು, ಬೇರೆ ಬಾಗಿಲಿರಲಿಲ್ಲ.

ಬೆಳಿಗ್ಗೆ ಅವರೇ ಬೀಗ ತೆಗೆದರು, ಹಿಂದೆಯೇ ನಾನು. ಕೊನೆಯ ಮೆಟ್ಟಿಲಲ್ಲಿ ಶೆಟ್ಟಿ ಒಬ್ಬನೇ ಕೂತಿದ್ದ. ಮೂವರು ರಾಜರೂ ಎಲ್ಲಕ್ಕಿಂತ ಮೇಲೆ, ಕೊಟ್ಟಿಗೆಗೆ ತಾಗಿಕೊಂಡು ನಿಂತಿದ್ದರು, ಒಂಟೆಗಳ ಮುಖ ನೇರ ಮಗುವಿನ ಕಡೆಗೆ. ಒಂದು ಗೊಂಬೆಯೂ ಉರುಳಿರಲಿಲ್ಲ. ನನ್ನ ಮೈ ಜುಮ್ಮೆಂದಿತು. ನಿಜ ಹೇಳಬೇಕೆಂದರೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು.

ಅಮ್ಮನೇ ನಿದ್ದೆಗಣ್ಣಿನಲ್ಲಿ ಎದ್ದು ಇಟ್ಟಿರಬೇಕು ಎಂದು ನಮ್ಮ ಯಜಮಾನರು ಆಮೇಲೆ ಬಹಳ ದಿನ ವಾದಿಸಿದರು. ಅತ್ತೆಯ ಪಕ್ಕದಲ್ಲಿ ಕಣ್ಣು ಮುಚ್ಚದೆ ಬಿದ್ದುಕೊಂಡಿದ್ದವಳು ನಾನು. ಅವರು ಮಗ್ಗುಲು ಸಹ ಬದಲಿಸಿರಲಿಲ್ಲ. ಇಷ್ಟು ವರ್ಷವಾದರೂ ನನಗೆ ಬೇರೆ ಕಾರಣವೂ ಹೊಳೆದಿಲ್ಲ. ಅತ್ತೆಯಂತೂ ಕಾರಣದ ಗೋಜಿಗೇ ಹೋಗಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕೈ ಹಿಡಿದುಕೊಂಡರು.

"ಅಯ್ಯೋ, ಅಷ್ಟು ದೂರದಿಂದ ಮಗು ನೋಡಕ್ಕೆ ಬಂದಿದಾರೆ, ನಾನು ಬಾಗಿಲಿಗೆ ಬೀಗ ಹಾಕಿದ್ನಲ್ಲೇ! ನಿನ್ನ ಮೇಲೂ ಗೂಬೆ ಕೂರಿಸ್ದೆ. ಹೋಗು, ಮೊದ್ಲು ಅವರಿಗೆ ಬೆಲ್ಲ ನೀರು ತಗೊಂಡ್ಬಾ."